ಸ್ವೇದಸಂಕಥನ: ಅಳಿದ ಲೀಗಿನ ಅಂಗಿಗಳ ಪ್ರಮಾಣಮೀಮಾಂಸೆ

ಆಡಿ ಕೊಳೆಯಾದ ಅಂಗಿಯನ್ನು ಒಗೆಯದೆ ಮಡಿಚಿಡುವುದನ್ನು ಲೋಕ ಸೋಮಾರಿತನವೆನ್ನುತ್ತದೆ. ಆಟಗಾರರು ತೊಟ್ಟ ಅಂಗಿಗಳನ್ನು ಕೂಡಿಡುವ ಸಂಗ್ರಾಹಕರ ಪರಿಭಾಷೆಯಲ್ಲಿ ಅದು ಸ್ವೇದಪಠ್ಯದೊಡನೆ ನಡೆಸುವ ಅನುಸಂಧಾನ. ಅಮೆರಿಕದ ವರ್ಲ್ಡ್ ಫುಟ್‌ಬಾಲ್ ಲೀಗ್ 1974ರಲ್ಲಿ ಆಟ ಶುರುಮಾಡಿ, 1975ರ ಅಕ್ಟೋಬರ್ 22ರಂದು ಎರಡನೆಯ ಸೀಸನ್ನಿನ ನಡುವೆಯೇ ಬಾಗಿಲು ಹಾಕಿಕೊಂಡಿತು. ಅದರ ಆಟಗಾರರು ತೊಟ್ಟು ಬಿಚ್ಚಿದ ಅಂಗಿಗಳ ನೆಲೆ-ಹಿನ್ನೆಲೆಗಳನ್ನು ನಿರ್ಣಯಿಸಲು ಪ್ರಮಾಣಗಳು ಬೇಕು. ಮೊದಲನೆಯದು ಪ್ರತ್ಯಕ್ಷ: ಹಳೆಯ ಫೋಟೋದಲ್ಲಿ ಭುಜದ ಬಳಿ ಕಾಣುವ ತೇಪೆ, ಸಂಖ್ಯೆಯ ಅಂಚಿನಲ್ಲಿ ತುಸು ಸೊಟ್ಟಗಾದ ಹೊಲಿಗೆ, ಕೈಯಲ್ಲಿರುವ ಅಂಗಿಯಲ್ಲೂ ಅಲ್ಲಲ್ಲೇ ಇರಬೇಕು. ಎರಡನೆಯದು ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ಹುಲ್ಲಿನ ಕಲೆಯಿದ್ದಲ್ಲಿ ಆಟ. (ಕೃತಕ ಹುಲ್ಲಿನ ಮೇಲೆ ಆಡಿದವರ ಪಾಡೇನು ಎಂದು ಕೇಳುವವರು ಕುತರ್ಕಿಗಳು.) ಮೂರನೆಯದು ಶಬ್ದ, ಎಂದರೆ ಎಷ್ಟೋ ಸಲ ಮಾರುವವನೇ ಬರೆದುಕೊಟ್ಟ ದೃಢೀಕರಣ ಪತ್ರ. ಉಪಮಾನ, ಅರ್ಥಾಪತ್ತಿಗಳ ವಿವೇಚನೆಗೆ ಓದುಗರಲ್ಲಿ ತಾಳ್ಮೆ ಇರಲಾರದು, ಬರೆಯುವವನಲ್ಲಂತೂ ಇಲ್ಲ.

ಬಿಡಲಾಗದ ಪ್ರಮಾಣವೊಂದಿದೆ: ಅನುಪಲಬ್ಧಿ. ಇರಬೇಕಾದ್ದು ಕಾಣದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಇಲ್ಲಿ ಕಾಣದಿರುವುದು ಸಂಬಳ. 1974ರ ಡಿಸೆಂಬರ್ 5ರಂದು ನಡೆದ ಈ ಲೀಗಿನ ಫೈನಲ್ ವರ್ಲ್ಡ್ ಬೌಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಅಮೆರಿಕನ್ಸ್ ತಂಡ ಫ್ಲೋರಿಡಾ ಬ್ಲೇಜರ್ಸನ್ನು 22-21ರಿಂದ ಸೋಲಿಸಿತು. ಎರಡೂ ತಂಡಗಳ ಆಟಗಾರರಿಗೆ ವಾರಗಟ್ಟಲೆ ಸಂಬಳ ಬಂದಿರಲಿಲ್ಲ. ಪಂದ್ಯ ಮುಗಿಯುತ್ತಲೇ ಶೆರೀಫನ ಕಡೆಯವರು ಬಂದು ಗೆದ್ದವರ ಅಂಗಿ ಮುಂತಾದ ಸರಂಜಾಮನ್ನು ಜಪ್ತಿ ಮಾಡಿದರು. ಅವನ್ನು ಒದಗಿಸಿದ ಅಂಗಡಿಯ ಬಾಕಿ ತೀರಿರಲಿಲ್ಲ. ಬಟ್ಟೆ ಕೊಟ್ಟವನಿಗೆ ಹಿಡಿದೆಳೆಯಲು ಬಟ್ಟೆಯಾದರೂ ಇತ್ತು. ಮೈ ಕೊಟ್ಟವನು ಏನನ್ನು ಜಪ್ತಿ ಮಾಡಬೇಕಿತ್ತು? ಮೊಣಕಾಲು ಮುರಿಸಿಕೊಂಡು ಆಡಿದ್ದಕ್ಕೆ ಕೂಲಿಯಿಲ್ಲ, ಆ ಮೊಣಕಾಲಿನ ನೆತ್ತರು ಮೆತ್ತಿದ ಬಟ್ಟೆಗೆ ಮಾತ್ರ ಹರಾಜು! ಮರುವರ್ಷಕ್ಕೆ ಇದೇ ಲೀಗಿನಲ್ಲಿ, ಆಟಗಾರ ಯಾವ ಸ್ಥಾನದವನೆಂದು ತಿಳಿಯಲು ಸ್ಥಾನಕ್ಕೊಂದು ಬಣ್ಣದ ಪ್ಯಾಂಟು ತೊಡಿಸುವ ಯೋಜನೆಯೂ ಹೊರಟಿತ್ತು. ವರ್ಗೀಕರಣದ ಹುಚ್ಚು ವಿದ್ವಾಂಸರದಷ್ಟೇ ಅಲ್ಲ.

ಸಂಗ್ರಾಹಕರಿಲ್ಲದಿದ್ದರೆ ಈ ಅಂಗಿಗಳು ಎಂದೋ ನೆಲ ಒರೆಸುವ ಬಟ್ಟೆಯಾಗುತ್ತಿದ್ದವು ಎಂಬ ಆಕ್ಷೇಪ ನಿಜವಾದದ್ದು, ಒಪ್ಪಬೇಕು. ಸಂಬಳ ಕೊಡದವನು ಮಾಲೀಕನೇ ಹೊರತು ಸಂಗ್ರಾಹಕನಲ್ಲ ಎಂಬುದೂ ನಿಜ. ಆದರೆ ಅಂಗಿಗೆ ಬೆಲೆ ಬಂದದ್ದು ಅದು ವಿರಳವೆಂದು. ವಿರಳವಾದದ್ದು ಲೀಗ್ ದಿವಾಳಿಯೆದ್ದಿತೆಂದು. ಆ ದಿವಾಳಿಯ ಹೊರೆ ಬಿದ್ದದ್ದು ಅದನ್ನು ತೊಟ್ಟವನ ಮೇಲೆ. ಹೊಲಿಗೆಯ ಎಳೆ ಎಣಿಸಬಲ್ಲ ಪಾಂಡಿತ್ಯಕ್ಕೆ ಇದೊಂದು ಕಾಣದೆ ಹೋದರೆ ಅದು ಪಾಂಡಿತ್ಯವಲ್ಲ, ಅಂಗಡಿಯ ಲೆಕ್ಕ. ದೃಢೀಕರಣ ಪತ್ರ ಬರೆಯುವವರೇ, ಬೆವರು ಯಾರದೆಂದು ಬರೆದ ಸಾಲಿನ ಕೆಳಗೆ, ಅವನಿಗೆ ಎಷ್ಟು ವಾರದ ಸಂಬಳ ಬಾಕಿಯಿತ್ತೆಂದೂ ಬರೆಯಿರಿ.