ಎಂಜಲು ಹೊಗೆಯ ಎಂಜಿನ್

ಸಣ್ಣಕತೆಗೆ ಹೆಸರಾದವರ ಊರು ಮಾಸ್ತಿ. ಆ ಹೋಬಳಿಯಲ್ಲಿ ಈಗ ಸಣ್ಣದಾಗಿ ಮುಗಿಯದ ಕತೆ ಒಂದಿದೆ: ಕಾರಿನ ಎಂಜಿನ್ ಬದಲಾಯಿಸುವ ಕತೆ.

ಸ್ಪೋರ್ಟ್ಸ್ ಕಾರು ನಮಗೇನೂ ಹೊಸದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ‘ಸ್ಯಾನ್ ಸ್ಟಾರ್ಮ್’ ಅಂತ ಎರಡು ಸೀಟಿನ, ಫೈಬರ್ ಮೈಯ ಕಾರು ಬಿಟ್ಟಿತ್ತು. ಒಳಗಿದ್ದದ್ದು ರೆನೊದ 1,149 ಸಿಸಿ ಎಂಜಿನ್, ಸುಮಾರು 60 ಕುದುರೆ ಶಕ್ತಿ. ಆರ್ಭಟವೆಲ್ಲ ಹೆಸರಿನಲ್ಲೇ ಮುಗಿದಿತ್ತು. ಅದು ಮಾಸ್ತಿಯ ತನಕ ಬರಲಿಲ್ಲವಾದ್ದರಿಂದ ಇಲ್ಲಿ ಸ್ಪೋರ್ಟ್ಸ್ ಕಾರು ಅಂದರೆ ಹಿಂದೆ ರೆಕ್ಕೆ ಕಟ್ಟಿಸಿ, ಬಾನೆಟ್ಟಿಗೆ ಕೆಂಪು ಪಟ್ಟೆ ಅಂಟಿಸಿ, ಸೈಲೆನ್ಸರ್ ಕೊಯ್ಸಿದ ಸ್ವಿಫ್ಟು. ಕೊಂಡವನೇ ಸ್ಪೋರ್ಟ್ಸ್ ಅಂದಮೇಲೆ ಬೇಡ ಅನ್ನಲು ನಾವ್ಯಾರು? ತಕರಾರೆಲ್ಲ ಅದರ ಎಂಜಿನ್ ಮೇಲೆ. ಆ 1.2 ಲೀಟರಿನ ಪಾಪದ್ದು ತನ್ನ ಪಾಡಿಗೆ ತಾನು ಗಾಳಿ ಎಳೆದುಕೊಂಡು 83 ಪಿಎಸ್ ಕೊಡುತ್ತದೆ. ಯಾರ ಹಂಗೂ ಇಲ್ಲದೆ ಉಸಿರಾಡುವುದೇ ಅದರ ಅಪರಾಧ. ಅದನ್ನು ಇಳಿಸಿ, ಕಂಪನಿಯೇ ಟರ್ಬೊ ಹಾಕಿ ಕಳಿಸಿದ ಎಂಜಿನ್ ಕೂರಿಸಬೇಕು.

ಟರ್ಬೊ ಅಂದರೆ ಇಷ್ಟೇ. ಎಂಜಿನ್ ಉಗುಳಿದ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕಟ್ಟಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುರುಕುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ನಮ್ಮ ಕೋಲಾರ ಜಿಲ್ಲೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಸೋಸಿ, ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಒತ್ತಿ ನಮ್ಮ ಕೆರೆಗಳಿಗೆ ತುಂಬಲು ಶುರುಮಾಡಿದ್ದು 2018ರಲ್ಲಿ. ಮೂರನೇ ಹಂತ ಎಲ್ಲಿ ಅಂತ ಕೇಳಿದವರು ಅಭಿವೃದ್ಧಿಯ ವಿರೋಧಿಗಳಾದರು. ಉಗುಳಿದ್ದರಿಂದಲೇ ಹೊಟ್ಟೆ ತುಂಬಿಸುವ ಈ ವಿದ್ಯೆಯಲ್ಲಿ ನಮ್ಮ ಜಿಲ್ಲೆ ಬ್ಯೂಷಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಅವನು ತುಂಬಿದ್ದು ಕೊನೆಗೂ ಹೊರಗಿನ ಶುದ್ಧ ಗಾಳಿಯನ್ನೇ.

ಕಾರು ಕೊಂಡ ಹುಡುಗನ ಕಡೆಗೂ ಒಂದು ನ್ಯಾಯವಿದೆ, ಒಪ್ಪಬೇಕು. ನಮ್ಮದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿನ ಬಯಲು. ಗಾಳಿ ನೂರಕ್ಕೆ ಎಂಟು ಪಾಲಿನಷ್ಟು ತೆಳು. ಕಂಪನಿ ಕಾಗದದಲ್ಲಿ ಬರೆದ 83 ಪಿಎಸ್ ಇಲ್ಲಿ ಪೂರ್ತಿ ಸಿಕ್ಕುವುದೇ ಇಲ್ಲ. ಟರ್ಬೊ ಆ ಕೊರತೆಯನ್ನು ತುಂಬಬಲ್ಲದು. ಆದರೆ ಅವನು ಟರ್ಬೊ ಕೇಳುತ್ತಿರುವುದು ಗಾಳಿ ತೆಳುವಾಯಿತೆಂದಲ್ಲ, ಅದರ ‘ಪ್ಸ್’ ಅನ್ನೋ ಸದ್ದಿಗೆ.

“ಒಂದು ಟರ್ಬೊ ತಂದು ಹಳೇ ಎಂಜಿನ್‌ಗೇ ಸಿಕ್ಕಿಸಬಾರದಾ?”

“ಬೇಡಣ್ಣ, ಪಿಸ್ಟನ್ ಕರಗೋಗ್ತದೆ. ಕಂಪನಿದೇ ಹಾಕ್ಸು. ಒಳಗೆಲ್ಲ ಅದಕ್ಕೇ ಅಂತ ಮಾಡಿರ್ತಾರೆ.”

ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಅವನು ಹೇಳಿದ ಕಂಪನಿಯ ಎಂಜಿನ್ ಅಂದರೆ 2017ರಲ್ಲಿ ಬಂದು 2020ರಲ್ಲಿ ನಿಂತುಹೋದ ಬಲೆನೊ ಆರ್‌ಎಸ್‌ನದು: 998 ಸಿಸಿ, ಮೂರು ಸಿಲಿಂಡರ್, 102 ಪಿಎಸ್. ಮಾರಾಟವಾದದ್ದೇ ಕಮ್ಮಿ. ಅದು ಗುಜರಿಗೆ ಬರಬೇಕಾದರೆ ಯಾರೋ ಒಬ್ಬ ಮರಕ್ಕೆ ಗುದ್ದಿರಬೇಕು. ಅವನ ಅಪಘಾತವೇ ಇವನ ಶುಭಮುಹೂರ್ತ. ನಾಲ್ಕು ಸಿಲಿಂಡರ್ ಕೊಟ್ಟು ಮೂರು ತಂದದ್ದಕ್ಕೆ ಸಿಕ್ಕ ಲಾಭ 19 ಪಿಎಸ್. ಎಂಜಿನ್ ಒಂದನ್ನೇ ತಂದರೆ ಸಾಲದು. ಅದನ್ನು ಆಳುವ ಕಂಪ್ಯೂಟರ್, ಅಂದರೆ ಇಸಿಯು ಬೇಕು, ವೈರಿಂಗ್ ಬೇಕು, ಆ ಇಸಿಯು ಒಪ್ಪುವ ಕೀಲಿಯೂ ಬೇಕು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಜಾಗ, ಹೊಸ ಪೈಪು, ಗೇರ್‌ಬಾಕ್ಸು, ಕ್ಲಚ್ಚು. ಕೊನೆಗೆ ನೋಡಿದರೆ ಸ್ವಿಫ್ಟಿನದು ಅಂತ ಉಳಿದಿರುವುದು ಬಾಗಿಲು ಮತ್ತು ಬ್ಯಾಂಕಿನ ಸಾಲ.

ಅಮೆರಿಕದಲ್ಲಿ ಮಾಜ್ದಾ ಮಿಯಾಟಾ ಅನ್ನೋ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಮಂದಿಯೂ ಇದೇ ಹುಚ್ಚಿನವರು. ಅದೇ ಮಾಜ್ದಾದ 323 ಜಿಟಿಎಕ್ಸ್‌ನ ಟರ್ಬೊ ಎಂಜಿನ್ ತಂದು ಕೂರಿಸುತ್ತಾರೆ. ಅಲ್ಲಿ ಅಡ್ಡಡ್ಡ ಕೂತಿದ್ದನ್ನು ಇಲ್ಲಿ ಉದ್ದುದ್ದ ತಿರುಗಿಸಿ, ನೀರಿನ ಪೈಪುಗಳ ದಿಕ್ಕನ್ನೇ ಬದಲಿಸುತ್ತಾರೆ. ಅವರಿಗೆ ಓಡಿಸಲು ರೇಸ್ ಟ್ರ್ಯಾಕ್ ಇದೆ. ನಮಗಿರುವುದು ಮಾಲೂರು ರಸ್ತೆ, ಅದರ ತುಂಬ ಇಟ್ಟಿಗೆ ಟ್ರಾಕ್ಟರು, ಊರಿಗೊಂದು ಹಂಪು.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಮೇಲೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗ್ಯಾಸ್ ಕಿಟ್ಟಿಗೆ ಅನುಮತಿ ಸಿಗುತ್ತದೆ; ‘ಪ್ಸ್’ಗೆ ಸಿಗುವುದಿಲ್ಲ. ಆದರೆ ರಸ್ತೆಯಲ್ಲಿ ಕೈ ಅಡ್ಡ ಹಾಕುವವರು ನೋಡುವುದು ಕಿಟಕಿಯ ಕಪ್ಪು ಗಾಜನ್ನು. ಅದಕ್ಕೊಂದು ರಸೀದಿ ಹರಿದು, ಬಾನೆಟ್ಟಿನ ಕೆಂಪು ಪಟ್ಟೆಯನ್ನು ಮೆಚ್ಚಿ ಕಳಿಸುತ್ತಾರೆ. ಬಾನೆಟ್ ಎತ್ತಿಸುವವನು ವಿಮೆಯವನೊಬ್ಬನೇ, ಅದೂ ಗುದ್ದಿದ ಮೇಲೆ.

ಇಷ್ಟಾಗಿ ಓಡಿಸುವುದೆಲ್ಲಿ? ಹೊಸಕೋಟೆಯಿಂದ ಮಾಲೂರು ಹಾದು ಬೇತಮಂಗಲದ ಕಡೆ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಸುಮಾರು 71 ಕಿಲೋಮೀಟರ್! 2024ರ ಕೊನೆಯಿಂದ ಅಲ್ಲಿ ಗಾಡಿಗಳು ಓಡುತ್ತಿವೆ. ಆ ರಸ್ತೆ ಮಾಡಿರುವುದು 120ರ ವೇಗಕ್ಕೆ. ಬಿಚ್ಚಿ ಗುಜರಿಗೆ ಹಾಕಿದ ಹಳೇ ಎಂಜಿನ್ನೂ ಆ 120ನ್ನು ಆರಾಮಾಗಿ ಮುಟ್ಟುತ್ತಿತ್ತು.

ಅಲ್ಲಿಗೆ ತಲುಪುವ ಮೊದಲೇ ಒಂದು ಹಂಪಿನ ಮೇಲೆ ಕುಕ್ಕಿ, ಇಂಟರ್‌ಕೂಲರಿನ ಪೈಪು ಕಳಚಿಕೊಳ್ಳುತ್ತದೆ. ಒತ್ತಿ ತಂದ ಗಾಳಿಯೆಲ್ಲ ಬಯಲಿಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಹಿಂದಿನಿಂದ ಟೊಮ್ಯಾಟೊ ಕ್ರೇಟು ತುಂಬಿಕೊಂಡು, ಕೋಲಾರ ಎಪಿಎಂಸಿಯ ಹರಾಜಿನ ಹೊತ್ತಿಗೆ ಮುಟ್ಟಬೇಕೆಂದು ಬೊಲೆರೊ ಪಿಕಪ್ ಒಂದು ಬರುತ್ತದೆ. ಅದರ ಡೀಸೆಲ್ ಎಂಜಿನ್ನಿಗೆ ಕಂಪನಿಯೇ ಟರ್ಬೊ ಹಾಕಿ ಕಳಿಸಿದೆ. ಡ್ರೈವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹಿಂದಿನ ಹಲಗೆಯ ಮೇಲೆ ಅವನು ಬರೆಸಿಕೊಂಡಿರುವುದು ಮನೆದೇವರ ಹೆಸರು.

ಕಿಟಕಿಯಿಂದ ತಲೆ ಹಾಕಿ ಅವನು ಕೇಳುತ್ತಾನೆ: “ಏನಪ್ಪಾ, ಗಾಳಿ ಹೋಯ್ತಾ? ಸ್ಟೆಪ್ನಿ ಇಲ್ವಾ?”