ಓಟ್ಲು ಮತ್ತು ಹೊಟೆಲ್

ಕರ್ನಾಟಕದ ಇಂಗ್ಲಿಷಿನಲ್ಲಿ ಅಂತಸ್ತು ಗೊತ್ತಾಗುವುದು ಪದದ ಎರಡು ತುದಿಗಳಲ್ಲಿ. ಮುಂದೆ ಇಕಾರ ಸೇರಿದರೆ ಇಸ್ಕೂಲು, ಹಿಂದೆ ಉಕಾರ ಸೇರಿದರೆ ಬಸ್ಸು. ಎರಡೂ ಇಲ್ಲದವರು ಕಾನ್ವೆಂಟಿನವರು. ಹಳೇ ಮೈಸೂರಿನ ಹಳ್ಳಿಮಾತಿನಲ್ಲಿ ಹಕಾರವೂ ಉದುರುವುದರಿಂದ ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ಹೋಟೆಲು ‘ಓಟ್ಲು’ ಆಗುತ್ತದೆ. ಕೊಬ್ಬರಿ ಅಟ್ಟದ ಕೆಳಗೆ ನಡೆಯಬಹುದಾದ ಸಂವಾದದ ಮಾದರಿ ಇದು:

ಮೊಮ್ಮಗ: ತಾತ, ಓಟ್ಲು ಅನ್ಬಾರ್ದು. ಹೊಟೆಲ್.

ತಾತ: ಓಟ್ಲು ಅಂದ್ರೆ ಕಾಪಿ ಕೊಡಲ್ವೇನ್ಲಾ?

ಮೊಮ್ಮಗ: ಕೊಡ್ತಾರೆ. ರೆಸ್ಪೆಕ್ಟ್ ಕೊಡಲ್ಲ.

ತಾತ: ಅದುಕ್ಕೆಷ್ಟು ಬಿಲ್ಲು?

ಹಕಾರ ನುಂಗುವುದರಲ್ಲಿ ತಾತ ಒಂಟಿಯಲ್ಲ. ಲಂಡನ್ನಿನ ದುಡಿಯುವ ವರ್ಗದವರೂ ನುಂಗುತ್ತಾರೆ. ಬರ್ನಾರ್ಡ್ ಷಾ ಆ ನುಡಿಯ ಹೂ ಮಾರುವವಳನ್ನೇ ನಾಯಕಿಯಾಗಿಸಿದ ‘ಪಿಗ್ಮೇಲಿಯನ್’ 1913ರಲ್ಲಿ ರಂಗಕ್ಕೆ ಬಂತು. ರಕಾರದ ಕಥೆ ಇನ್ನೂ ವಿಚಿತ್ರ. ‘ಕಾರು’ ಎನ್ನುವಾಗ ಅದನ್ನು ನುಂಗುವುದು ಇಂಗ್ಲೆಂಡಿನಲ್ಲಿ ದೊಡ್ಡಸ್ತಿಕೆ. ನ್ಯೂಯಾರ್ಕಿನಲ್ಲಿ ಅದೇ ಕೆಳವರ್ಗದ ಗುರುತೆಂದು ಭಾಷಾವಿಜ್ಞಾನಿ ವಿಲಿಯಂ ಲಬಾವ್ 1960ರ ದಶಕದಲ್ಲಿ ಅಂಗಡಿ ಅಂಗಡಿ ಸುತ್ತಿ ತೋರಿಸಿದರು. ಹೀಗಾಗಿ ಕಾಸು ಕೊಟ್ಟು ರಕಾರ ನುಂಗಲು ಕಲಿತ ಮೊಮ್ಮಗ, ಅಮೆರಿಕದ ಕಾಲ್ ಸೆಂಟರ್ ಸೇರಿದರೆ ಅದನ್ನು ಉಗುಳಲು ಮತ್ತೆ ಕಲಿಯಬೇಕು. ತಾತನಿಗೆ ಅದು ಪುಕ್ಕಟೆಯಾಗಿ ಬಂದಿದೆ.

ಮೊಮ್ಮಗ: ಪೀಜು ಅಲ್ಲ ತಾತ, ಫೀಸ್.

ತಾತ: ಕೊಬ್ರಿ ಮಾರಿ ನಿನ್ ಪೀಜು ಕಟ್ಟಾಕೋದಾಗ ಇಸ್ಕೂಲ್ನೋರು ತಿದ್ಲಿಲ್ಲ ಕಣ್ಲಾ. ಎಣಿಸ್ಕೊಂಡ್ರು.