ಸೆಟ್ಟಣ್ಣ

ದಾವಣಗೆರೆಯಲ್ಲಿ ಸೆಟ್ಟಣ್ಣ ಎಲ್ಲಿ ಸಿಗುತ್ತಾನೆ ಅಂತ ಕೇಳಿದರೆ ತಿಳಿಯದವರು ಚೌಕಿಪೇಟೆಯ ಯಾವುದಾದರೂ ಶೆಟ್ಟರ ಅಂಗಡಿಗೆ ಕಳಿಸಿಬಿಡುತ್ತಾರೆ. ಅವನು ಶೆಟ್ಟಿಯಲ್ಲ, ಅಂಗಡಿಯಂತೂ ಇಲ್ಲವೇ ಇಲ್ಲ. ಹೆತ್ತವರು ಇಟ್ಟ ಹೆಸರು ವೋಟರ್ ಲಿಸ್ಟಿನಲ್ಲಿ ತಣ್ಣಗೆ ಮಲಗಿದೆ. ಸೈಟು, ಸಂಬಂಧ, ಸೀಟು, ಸಾಲ, ಯಾವುದನ್ನೇ ಕೇಳಿ, "ಸೆಟ್ ಮಾಡಣ ಬಿಡ್ರಿ" ಅನ್ನುತ್ತಾನೆ. ಹಾಗಾಗಿ ಊರವರೇ ಸೇರಿ ಈ ಹೆಸರನ್ನು ಅವನಿಗೆ ಸೆಟ್ ಮಾಡಿದ್ದಾರೆ.

ಬೆಳಿಗ್ಗೆ ಎಂಟಕ್ಕೆ ಪಿ.ಬಿ. ರೋಡಿನ ಚಹಾದಂಗಡಿ ಮುಂದೆ ಸ್ಕೂಟರಿಗೆ ಡಬಲ್ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತಿರುತ್ತಾನೆ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ಕಂಕುಳಲ್ಲಿ ರೆಗ್ಜಿನ್ ಬ್ಯಾಗು. ಬ್ಯಾಗಿನಲ್ಲಿ ಪಹಣಿ, ಲೇಔಟ್ ನಕ್ಷೆ, ಜಾತಕದ ಜೆರಾಕ್ಸು, ಕನ್ಯೆಯರ ಫೋಟೊ ಎಲ್ಲ ಅವಿಭಕ್ತ ಕುಟುಂಬದಂತೆ ಒಟ್ಟಿಗೇ ವಾಸ. ಒಮ್ಮೆ ಸೈಟು ಹುಡುಕಿಕೊಂಡು ಹರಪನಹಳ್ಳಿ ಕಡೆಯಿಂದ ಬಂದ ಯಜಮಾನರಿಗೆ ಅವಸರದಲ್ಲಿ ಯಾರದೋ ಜಾತಕ ಬಿಚ್ಚಿ ತೋರಿಸಿದ. ಸುತ್ತ ಹನ್ನೆರಡು ಚೌಕ, ನಡುವೆ ಖಾಲಿ ಜಾಗ. ಯಜಮಾನರು ಕನ್ನಡಕ ಏರಿಸಿ, "ನಡುವೆ ಪಾರ್ಕ್ ಬಿಟ್ಟಿದ್ದು ಚಲೋ ಆತು ನೋಡು" ಅಂದರು. ತಪ್ಪು ಗೊತ್ತಾದ ಮೇಲೂ ಸೆಟ್ಟಣ್ಣ ಕಾಗದ ಮಡಚಲಿಲ್ಲ. "ಏಳನೇ ಮನೆ ಖಾಲಿ ಐತ್ರಿ" ಅಂದ.

"ಹಂಗಾದ್ರೆ ಅದನ್ನೇ ಕೊಡ್ಸಪ್ಪ."

ಇಂಗ್ಲಿಷರೂ ಈ 'ಸೆಟ್' ಎಂಬ ಪದವನ್ನು ಕಮ್ಮಿ ದುಡಿಸಿಕೊಂಡವರಲ್ಲ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಸುಮಾರು 430 ಅರ್ಥಗಳಿದ್ದವು; ಅಷ್ಟು ಉದ್ದದ ವಿವರಣೆ ಬೇರೆ ಯಾವ ಪದಕ್ಕೂ ಇರಲಿಲ್ಲ. ಸೆಟ್ಟಣ್ಣನಿಗೆ ಹೇಳಿದೆ. "ಅಷ್ಟೇ ಏನ್ರಿ?" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಮೊಸರು ಹೆಪ್ಪುಗಟ್ಟುತ್ತಿತ್ತು, ವ್ಯಾಪಾರ ಕುದುರುತ್ತಿತ್ತು, ಹೊಸ ಚಪ್ಪಲಿ ಕಾಲಿಗೆ ಒಗ್ಗುತ್ತಿತ್ತು, ಸೊಸೆ ಮನೆಗೆ ಹೊಂದಿಕೊಳ್ಳುತ್ತಿದ್ದಳು, ಹೊಲದ ಬದುವಿಗೆ ಬಡಿದಾಡಿದ ಅಣ್ಣತಮ್ಮಂದಿರು ರಾಜಿಯಾಗುತ್ತಿದ್ದರು. ಈಗ ಎಲ್ಲವೂ ಸೆಟ್ ಆಗುತ್ತವೆ. ನನ್ನ ಹೆಂಡತಿಯೂ ಬೆಳಿಗ್ಗೆ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು, "ಥಂಡಿಗೆ ಸೆಟ್ಟೇ ಆಗಿಲ್ಲ ನೋಡ್ರಿ" ಅನ್ನುತ್ತಾಳೆ. ಬೇರೆಯವು ಹೋದರೆ ಹೋಗಲಿ, 'ಕುದುರು' ಎಂಬ ಮಾತು ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಕುದುರೆ ಓಡುವ ಸದ್ದಿತ್ತು.

ಈ ಪದಕ್ಕೆ ಊರಿನಲ್ಲಿ ಪ್ರವೇಶವಿಲ್ಲದ ಜಾಗ ಒಂದೇ, ಬೆಣ್ಣೆ ದೋಸೆ ಅಂಗಡಿ. ಬೆಂಗಳೂರಿನ ನನ್ನ ಷಡ್ಡಕ ಅಲ್ಲಿ ಕೂತು "ಸೆಟ್ ದೋಸೆ ಇದೆಯಾ?" ಅಂದುಬಿಟ್ಟ. ಹೆಂಚಿನ ಮುಂದಿದ್ದವರು ಬೆಣ್ಣೆಯ ಮುದ್ದೆ ಕೈಯಲ್ಲೇ ಹಿಡಿದು ಅವನನ್ನು ಒಂದು ಗಳಿಗೆ ನೋಡಿದರು. ಬೈಯಲಿಲ್ಲ.

ಸೆಟ್ಟಣ್ಣನ ಜೊತೆ ವ್ಯವಹಾರ ಮಾಡುವವರು ಅವನ ವ್ಯಾಕರಣ ಕಲಿತಿರಬೇಕು. "ಸೆಟ್ ಮಾಡಣ" ಅಂದರೆ ವಿಷಯ ಅವನ ಕಿವಿಗೆ ಈಗಷ್ಟೇ ಬಿದ್ದಿದೆ. "ಸೆಟ್ ಆಗ್ತೈತಿ" ಅಂದರೆ ಮರೆತಿದ್ದಾನೆ. "ಸೆಟ್ ಆಗೇತಿ" ಅಂದರೆ ಅಡ್ವಾನ್ಸ್ ಅವನ ಕೈ ಸೇರಿದೆ, ಅಷ್ಟೇ. ಎಲ್ಲಕ್ಕಿಂತ ಭಯಂಕರವಾದದ್ದು "ಸೆಟ್ ಆದಂಗೇ". ನನ್ನ ಮೂವತ್ತು-ನಲವತ್ತರ ಸೈಟು ಎರಡು ವರ್ಷದಿಂದ ಸೆಟ್ ಆದಂಗೇ ಇದೆ. ಸಿಮೆಂಟಿಗಾದರೂ ಐಎಸ್‌ಐ ನಿಯಮ ಉಂಟು: ಕಲಸಿದ 30 ನಿಮಿಷದೊಳಗೆ ಸೆಟ್ ಆಗತೊಡಗಬಾರದು, 10 ಗಂಟೆ ದಾಟಲೂಬಾರದು. ಸೆಟ್ಟಣ್ಣನನ್ನು ಇನ್ನೂ ಯಾವ ಲ್ಯಾಬಿನವರೂ ಪರೀಕ್ಷೆಗೆ ತೆಗೆದುಕೊಂಡಿಲ್ಲ.

ಮಾತು ಅವನನ್ನೇ ಕಚ್ಚಿದ್ದೂ ಇದೆ. ವಿದ್ಯಾನಗರದ ಒಬ್ಬ ಮೇಷ್ಟ್ರ ಮಗಳಿಗೆ ಒಬ್ಬ ಎಂ.ಎ. ಹುಡುಗನನ್ನು ಗೊತ್ತು ಮಾಡಿದ್ದ. ವಾರದ ಮೇಲೆ ಫೋನ್ ಮಾಡಿ ಖುಷಿಯಲ್ಲಿ, "ಸರ್, ಹುಡುಗಂಗೆ ಸೆಟ್ ಆತಂತೆ!" ಅಂದ. ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ಬೇರೆ ಕಡೆ ನಿಶ್ಚಯವಾದ ಮೇಲೆ ತಮಗೇಕೆ ಹೇಳುತ್ತಾನೆ ಅಂತ ನಾಲ್ಕು ಬೈದು ಫೋನಿಟ್ಟು, ಮರುವಾರವೇ ಚನ್ನಗಿರಿಯ ಅಡಿಕೆ ಬೆಳೆಗಾರರ ಮನೆಯ ಹುಡುಗನಿಗೆ ಮಾತು ಕೊಟ್ಟರು. ಪಾಪ, ಹುಡುಗ ಪಾಸಾಗಿದ್ದದ್ದು ಕೆ-ಸೆಟ್. ಈಗ ಅತಿಥಿ ಉಪನ್ಯಾಸಕನಾಗಿದ್ದಾನೆ. ಮದುವೆ, ನೌಕರಿ ಎರಡೂ ಸೆಟ್ ಆದಂಗೇ.

ಸೈಟಿನ ದುಡ್ಡಿನಲ್ಲಿ ಅರ್ಧ ನನ್ನ ಮಾವನವರದು. "ಅವನನ್ನ ಒಂದ್ಸಲ ನನ್ ಮುಂದೆ ತಂದು ನಿಲ್ಸಪ್ಪ" ಅಂತ ಅವರು ಹರಿಹರದಿಂದ ಹೇಳಿ ಕಳಿಸಿದ್ದರು. ಒಂದು ದಿನ ಅವನನ್ನು ಕರೆದುಕೊಂಡು ಹೊರಟೆ. ದಾರಿ 14 ಕಿಲೋಮೀಟರು. ಅಷ್ಟರಲ್ಲೇ ಮಲೇಬೆನ್ನೂರು ಕಡೆಯ ರೈತರೊಬ್ಬರ ಫೋನು. "ಸೆಟ್ ಸುಟ್ಟೋಗೇತಿ ಸೆಟ್ಟಣ್ಣ!" ಎಂಬ ಗೋಳು ನನಗೂ ಕೇಳಿಸಿತು. ಸೆಟ್ಟಣ್ಣ ಗಂಭೀರನಾಗಿ, "ಹುಡುಗಿ ಮನೆಯೋರು ಏನಂದ್ರು?" ಅಂದ. ಸುಟ್ಟದ್ದು ಪಂಪ್‌ಸೆಟ್ಟು.

ಹರಿಹರೇಶ್ವರನ ಗುಡಿಗೂ ಕೈ ಮುಗಿಸಿದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ್ದು ಅಂತ ಹೇಳಿದೆ. ಅರ್ಧ ಹರಿ, ಅರ್ಧ ಹರ ಇರುವ ಮೂರ್ತಿಯನ್ನು ಸೆಟ್ಟಣ್ಣ ಬಹಳ ಹೊತ್ತು ನೋಡಿದ. "ಎರಡೂ ಪಾರ್ಟಿನ ಒಂದೇ ಕಲ್ಲಿನಾಗೆ ಕೂಡ್ಸ್ಯಾನಲ್ರಿ! ಕಮಿಷನ್ ಎರಡೂ ಕಡೆಯಿಂದ ತಗಂಡಿರ್ತಾನೆ."

ಮಾವನವರು ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಸೆಟ್ಟರ್ ಆಗಿದ್ದವರು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಇವರದೊಂದು ಹಳೇ ಲೇತು ಈಗಲೂ ತಿರುಗುತ್ತದೆ. ನಾವು ಹೋದಾಗ ನಾಲ್ಕು ದವಡೆಯ ಚಕ್ಕಿಗೆ ಒಂದು ಶಾಫ್ಟ್ ಕಚ್ಚಿಸಿ, ಡಯಲ್ ಗೇಜ್ ಹಚ್ಚಿ ಕೂತಿದ್ದರು. ಚಕ್ಕನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುವುದು, ಮುಳ್ಳು ನೋಡುವುದು, ಒಂದು ದವಡೆ ಕೂದಲೆಳೆಯಷ್ಟು ಸಡಿಲಿಸಿ ಎದುರಿನದನ್ನು ಬಿಗಿ ಮಾಡುವುದು, ಮತ್ತೆ ತಿರುಗಿಸುವುದು. ಆ ಮುಳ್ಳಿನ ಒಂದು ಗೆರೆ ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಚಹಾ ಬಂದು ಆರಿತು. ಸೆಟ್ಟಣ್ಣ ಕಾಲು ಬದಲಿಸಿದ, ಫೋನು ನೋಡಿದ, ಕೊನೆಗೆ ತಡೆಯದೆ, "ಸೆಟ್ ಆತಲ್ರಿ ಮಾವಾರ?" ಅಂದ.

"ಎರಡು ಗೆರೆ ಆಡ್ತೈತಿ."

"ಎರಡು ಗೆರೆಗೆ ಏನಾಗ್ತೈತ್ರಿ!"

ಮಾವನವರು ತಲೆ ಎತ್ತಲಿಲ್ಲ. ಇನ್ನೂ ಹತ್ತು ನಿಮಿಷ ಹೋಯಿತು. ಚಕ್ಕು ಪೂರ್ತಿ ಒಂದು ಸುತ್ತು ಬಂದಾಗ ಮುಳ್ಳು ಇದ್ದಲ್ಲೇ ಇತ್ತು. ಆಗ ಕೈ ಒರೆಸಿಕೊಂಡು, ಮೊದಲ ಬಾರಿಗೆ ಅವನ ಮುಖ ನೋಡಿ, "ಇದಕ್ಕೆ ಸೆಟ್ ಅಂತಾರಪ್ಪ. ಈಗ ಹೇಳು, ಸೈಟು ಎಷ್ಟು ಔಟ್ ಐತಿ?" ಅಂದರು.

ಸೆಟ್ಟಣ್ಣ ಅಷ್ಟು ಮೌನವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಲೇತನ್ನು ತಲೆಯಿಂದ ಬುಡದವರೆಗೆ ನೋಡಿದ, ಬೆಡ್ಡನ್ನು ಬೆರಳಿನಿಂದ ಸವರಿದ. ಪುಣ್ಯಾತ್ಮನ ಮನಸ್ಸು ಕರಗಿತು ಅಂದುಕೊಂಡೆ. ಅಷ್ಟರಲ್ಲಿ ಫೋನು ಬಂತು. ಶೆಡ್ಡಿನ ಹೊರಗೆ ಹೋಗಿ ನುಗ್ಗೆ ಮರದ ಕೆಳಗೆ ನಿಂತು ದನಿ ತಗ್ಗಿಸಿದ. ತಗಡಿಗೆ ಕಿವಿಯಿಟ್ಟರೆ ಕೇಳುತ್ತಿತ್ತು: "ಹರಿಹರದಾಗೆ ಒಂದು ಲೇತ್ ಐತಿ ಅಣ್ಣ, ಮುಳ್ಳು ಅಲ್ಲಾಡಲ್ಲ. ಯಜಮಾನ್ರಿಗೆ ವಯಸ್ಸಾಗೇತಿ. ಸೆಟ್ ಮಾಡಣ ಬಿಡು."